ಆಮೇಲೆ ಎಂಬ ಗುಂಡಿ

ಅಕ್ಕನ ಫೋನ್ ಬಂದಾಗ ತಮ್ಮ ಅಂಗಡಿಯ ಶಟರ್ ಎತ್ತಿದ್ದ, ಒಳಗೆ ಇನ್ನೂ ದೀಪ ಹಾಕಿರಲಿಲ್ಲ.

"ಅವರ ಮಾತು ನಿಂತುಹೋಗಿದೆ ಕಣೋ. ಬಾ."

ಬೇರೆ ಯಾರ ಮನೆಯಿಂದಾದರೂ ಬಂದಿದ್ದರೆ ಎದೆ ಧಸಕ್ಕೆನ್ನುವ ಮಾತು. ಕಂಪ್ಯೂಟರ್ ರಿಪೇರಿ ಮಾಡುವ ತಮ್ಮನಿಗೆ ಅದರ ಅರ್ಥ ಇಷ್ಟೇ: ಭಾವನ ಕೋಣೆಯ ಕಂಪ್ಯೂಟರ್ ಕೆಟ್ಟಿದೆ. ಬಾಯಿಯ ಮಾತು ಹೋಗಿ ಬಹಳ ಕಾಲವಾಗಿತ್ತು.

ಭಾವನನ್ನು ಎಲ್ಲರೂ ಅಂಪೈರ್ ಎಂದೇ ಕರೆಯುತ್ತಿದ್ದರು. ರಜೆಯ ದಿನಗಳಲ್ಲಿ ಶಾಲೆಗಳ ಪಂದ್ಯ, ಕಾರ್ಖಾನೆಗಳ ಪಂದ್ಯ ಎಲ್ಲದಕ್ಕೂ ಬಿಳಿ ಕೋಟು ತೊಟ್ಟು ನಿಲ್ಲುತ್ತಿದ್ದ ಮನುಷ್ಯ. ಒಮ್ಮೆ ಕೊಟ್ಟ ತೀರ್ಪನ್ನು ಬದಲಿಸಿದ್ದನ್ನು ಯಾರೂ ಕಂಡಿರಲಿಲ್ಲ. ನರಗಳು ಒಂದೊಂದಾಗಿ ಸ್ನಾಯುಗಳ ಕೈಬಿಡುವ ಕಾಯಿಲೆ ಮೊದಲು ಅವರ ಕೈಗೆ ಬಂತು, ನಂತರ ಕಾಲಿಗೆ, ನಂತರ ನಾಲಿಗೆಗೆ. ಈಗ ಅವರ ಹಿಡಿತದಲ್ಲಿ ಉಳಿದಿದ್ದುದು ಕಣ್ಣುಗುಡ್ಡೆಗಳು ಮಾತ್ರ. ಮಾನಿಟರಿನ ಕೆಳಗೆ ಅಂಟಿಸಿದ್ದ ಪಟ್ಟಿಯಂಥ ಕ್ಯಾಮೆರಾ ಅವರ ದೃಷ್ಟಿ ಎಲ್ಲಿ ನಿಂತಿದೆ ಎಂದು ಹಿಡಿಯುತ್ತಿತ್ತು. ತೆರೆಯ ಮೇಲಿನ ಅಕ್ಷರವೊಂದನ್ನು ಸ್ವಲ್ಪ ಹೊತ್ತು ದಿಟ್ಟಿಸಿದರೆ ಅದು ಸಾಲಿಗೆ ಸೇರುತ್ತಿತ್ತು. ಸಾಲು ಮುಗಿದ ಮೇಲೆ ಕಂಪ್ಯೂಟರ್ ಅದನ್ನು ಗಟ್ಟಿಯಾಗಿ ಓದುತ್ತಿತ್ತು. ಅದರಲ್ಲಿದ್ದ ಕನ್ನಡ ದನಿಗಳಲ್ಲಿ ಕೇಳಬಹುದಾದಷ್ಟು ಚೆನ್ನಾಗಿದ್ದ ಒಂದೇ ದನಿ ಹೆಂಗಸಿನದು. "ಮೈದಾನದಲ್ಲಿ ಗುಡುಗ್ತಿದ್ದವರು ಈಗ ಟೀಚರಮ್ಮನ ಥರ ಬೈತೀರಲ್ಲ ಭಾವ" ಎಂದು ತಮ್ಮ ರೇಗಿಸಿದಾಗ ಆ ದನಿ ತಣ್ಣಗೆ "ಹೊರಗೆ ಹೋಗೋ ಕತ್ತೆ" ಎಂದಿತ್ತು.

ಆ ಕಂಪ್ಯೂಟರನ್ನು ಜೋಡಿಸಿಕೊಟ್ಟವನು ತಮ್ಮನೇ. ಅದರೊಳಗಿನ ಗ್ರಾಫಿಕ್ಸ್ ಕಾರ್ಡ್ ಹಳೆಯದು. ಕಾರ್ಡ್ ತೆರೆಯ ಮೇಲೆ ಚಿತ್ರ ಮೂಡಿಸಬೇಕಾದರೆ ಅದಕ್ಕೂ ಕಂಪ್ಯೂಟರಿಗೂ ನಡುವೆ ದುಭಾಷಿಯಂತೆ ಡ್ರೈವರ್ ಎಂಬ ತಂತ್ರಾಂಶ ಇರಬೇಕು. ಕಾರ್ಡ್ ತಯಾರಿಸಿದವರು ಹೊಸ ಡ್ರೈವರುಗಳಲ್ಲಿ ಈ ಮಾದರಿಯನ್ನು ಕೈಬಿಟ್ಟಿದ್ದರು. ಹಳೆಯ ಡ್ರೈವರ್ ಇರುವವರೆಗೆ ಎಲ್ಲವೂ ಸರಿ, ಹೊಸದು ಬಂದು ಕೂತರೆ ಕಣ್ಣಿನ ಪ್ರೋಗ್ರಾಂ ಏಳುವುದೇ ಇಲ್ಲ. ಅದಕ್ಕೇ ತಮ್ಮ ಪ್ರತಿ ಅಪ್‌ಡೇಟಿಗೂ ಕಂಪ್ಯೂಟರ್ ಮೊದಲು ಕೇಳಬೇಕು ಎಂದು ಕಟ್ಟು ಹಾಕಿದ್ದ. ಮಾನಿಟರಿನ ಅಂಚಿಗೆ ಚೀಟಿ ಅಂಟಿಸಿದ್ದ: 'ಅಪ್‌ಡೇಟ್ ಕೇಳಿದರೆ ಆಮೇಲೆ ಒತ್ತಿ. ಯಾವಾಗಲೂ ಆಮೇಲೆ.'

ಆ ಮಾತು ಮನೆಯಲ್ಲಿ ತಮಾಷೆಯಾಗಿ ಉಳಿದಿತ್ತು. ಭಾವ ದಿನವಿಡೀ ಅಕ್ಕನಿಗೆ ಹೇಳುತ್ತಿದ್ದುದು ಒಂದೇ: "ಕೂತ್ಕೋ." ಅಕ್ಕನ ಉತ್ತರವೂ ಒಂದೇ: "ಆಮೇಲೆ."

ತಮ್ಮ ಬಂದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಕಣ್ಣು ಊದಿದ್ದವು.

"ಡಾಕ್ಟರ್ ಇವತ್ತು ಬರ್ತಾರೆ," ಎಂದಳು.

ಅದು ತಮ್ಮನಿಗೂ ಗೊತ್ತಿತ್ತು. ಭಾವನ ಉಸಿರು ಇಳಿಯುತ್ತಿತ್ತು. ಮೂಗಿಗೆ ಕಟ್ಟಿದ ಮಾಸ್ಕ್ ಇನ್ನು ಸಾಲದು ಎಂದು ಡಾಕ್ಟರ್ ಹೇಳಿದ್ದರು. ಗಂಟಲಿಗೆ ತೂತು ಮಾಡಿ ಪೈಪ್ ಇಟ್ಟು ಉಸಿರಾಟದ ಯಂತ್ರಕ್ಕೆ ಸೇರಿಸಿದರೆ ಇನ್ನೂ ಕೆಲವು ವರ್ಷ ಇರಬಹುದು. ಬೇಡವೆಂದರೆ ಮುಂದಿನ ಸಲ ಕಫ ಕಟ್ಟಿದಾಗಲೇ ಉಸಿರು ನಿಲ್ಲಬಹುದು. ನಾಳೆಗೆ ಆಪರೇಷನ್ ಥಿಯೇಟರ್ ಕಾದಿರಿಸಿ, ಇವತ್ತು ಸಂಜೆ ಮನೆಗೇ ಬಂದು ಕೇಳುತ್ತೇನೆ ಎಂದಿದ್ದರು. "ಅವರೇ ಹೇಳಿದ್ರೆ ಒಳ್ಳೇದು. ಹೇಳೋಕೆ ಆಗದಿದ್ರೆ ಹೆಂಡತಿಯಾಗಿ ನೀವು ಹೇಳ್ಬೇಕಾಗುತ್ತೆ."

ರೆಪ್ಪೆ ಮಿಟುಕಿಸಿ ಹೌದು ಅಲ್ಲ ಎನ್ನುವ ಕಾಲ ಮುಗಿದಿತ್ತು. ರೆಪ್ಪೆಗಳು ತಮ್ಮಷ್ಟಕ್ಕೇ ಬೀಳುತ್ತಿದ್ದವು. ಅಕ್ಷರ ಬರೆದ ಪಾರದರ್ಶಕ ಹಲಗೆಯೊಂದಿತ್ತು. ಆದರೆ ಅದರಾಚೆಯಿಂದ ಭಾವನ ಕಣ್ಣನ್ನು ಓದಲು ಬರುತ್ತಿದ್ದುದು ಅಕ್ಕನಿಗೊಬ್ಬಳಿಗೆ.

ಕೋಣೆಯಲ್ಲಿ ಮಂಚದ ತಲೆಭಾಗ ಎತ್ತರಿಸಿತ್ತು. ಮಾಸ್ಕಿನ ಯಂತ್ರ ಒಂದೇ ಸಮನೆ ಗೊರಗುಟ್ಟುತ್ತಿತ್ತು. ಮಾನಿಟರಿನ ಮೇಲೆ ಎಲ್ಲವೂ ಹಿಗ್ಗಿ ದಪ್ಪವಾಗಿತ್ತು, ಅಕ್ಷರದ ಅಂಚುಗಳು ಗರಗಸದ ಹಲ್ಲಿನಂತೆ ಕಾಣುತ್ತಿದ್ದವು. ಕಣ್ಣಿನ ಪ್ರೋಗ್ರಾಂ ತೆರೆಯಲು ಹೋದರೆ ಕಾರ್ಡ್ ಸಿಗುತ್ತಿಲ್ಲ ಎಂಬ ಸಂದೇಶ.

"ಏನು ಭಾವ, ಮೌನವ್ರತಾನಾ?" ಎಂದ ತಮ್ಮ. ಭಾವ ಅವನನ್ನೇ ನೋಡಿದರು. ನಗು ಮೂಡಲು ಮುಖದಲ್ಲಿ ಯಾವ ಸ್ನಾಯುವೂ ಉಳಿದಿರಲಿಲ್ಲ.

ಮೊದಲು ಸುಲಭದ ದಾರಿ ನೋಡಿದ. ಹಿಂದಿನ ಡ್ರೈವರಿಗೆ ಮರಳುವ ಗುಂಡಿ ಮಂಕಾಗಿತ್ತು. ಅಪ್‌ಡೇಟ್ ಹಳೆಯದನ್ನು ಉಳಿಸಿರಲಿಲ್ಲ. ಪೆನ್‌ಡ್ರೈವಿನಿಂದ ಹಳೆಯದನ್ನೇ ಹಾಕಲು ಹೋದರೆ ಅರ್ಧ ಮುಗಿದು ನಿಂತಿತು. ಹೊಸದರ ಚೂರುಪಾರು ಒಳಗಿರುವವರೆಗೆ ಹಳೆಯದು ಕೂರುವುದಿಲ್ಲ. ಕಂಪ್ಯೂಟರನ್ನು ಸೇಫ್ ಮೋಡಿನಲ್ಲಿ, ಅಂದರೆ ತೀರಾ ಅಗತ್ಯದ ಭಾಗಗಳು ಮಾತ್ರ ಏಳುವಂತೆ ಎಬ್ಬಿಸಿ, ಹೊಸ ಡ್ರೈವರನ್ನು ಬುಡಸಮೇತ ಕಿತ್ತ. ಅದಕ್ಕೂ ಮುಂಚೆ ನೆಟ್ ವೈರನ್ನು ಹಿಂಬದಿಯಿಂದ ಬಿಡಿಸಿಟ್ಟ. ಡ್ರೈವರ್ ಇಲ್ಲದ ಖಾಲಿ ಜಾಗ ಕಂಡರೆ ಕಂಪ್ಯೂಟರ್ ತಾನೇ ನೆಟ್ಟಿನಿಂದ ಹೊಸ ಡ್ರೈವರ್ ಎಳೆದುಕೊಳ್ಳುತ್ತದೆ, ಆಗ ಕೇಳುವುದೂ ಇಲ್ಲ, ಅಪ್‌ಡೇಟಿಗೆ ಹಾಕಿದ ಕಟ್ಟು ಅದಕ್ಕೆ ತಗಲುವುದಿಲ್ಲ. ರೀಸ್ಟಾರ್ಟ್ ಒತ್ತಿ ಕೈ ತೊಳೆಯಲು ಹೋದ. ವೈರ್ ಬಿಡಿಸುವಾಗ ಹಿಂಬದಿಯ ದೂಳು ಮೊಣಕೈವರೆಗೆ ಅಂಟಿತ್ತು.

ವಾಪಸು ಬಂದಾಗ ತೆರೆಯ ಮೇಲೆ ಅದೇ ಗರಗಸದ ಅಕ್ಷರಗಳು. ಹೊಸ ಡ್ರೈವರ್ ಮತ್ತೆ ಬಂದು ಕೂತಿತ್ತು.

ತಮ್ಮ ಬಗ್ಗಿ ಹಿಂದೆ ನೋಡಿದ. ವೈರ್ ತನ್ನ ಜಾಗದಲ್ಲಿತ್ತು. "ಅಕ್ಕಾ, ವೈರ್ ಹಾಕಿದ್ಯಾ?"

"ಕೆಳಗೆ ಬಿದ್ದಿತ್ತು. ನೆಲ ಒರೆಸುವಾಗ ಹಾಕ್ದೆ."

"ನಾನೇ ತೆಗೆದಿದ್ದು. ಮುಟ್ಬೇಡ. ಎಲ್ಲಾ ಮೊದಲಿಂದ ಮಾಡ್ಬೇಕು ಈಗ."

"ನಂಗೇನು ಗೊತ್ತು ಮಾರಾಯ, ನಿನ್ನ ವೈರು ನಿನ್ನ ಪುರಾಣ," ಎಂದು ಅಕ್ಕ ಅಡುಗೆಮನೆ ಕಡೆ ತಿರುಗಿದಳು.

"ಇನ್ನೊಂದ್ಸಲ ಮಾಡ್ತೀನಿ ಭಾವ, ಬೇಜಾರಾಗ್ಬೇಡಿ," ಎಂದು ತಮ್ಮ ತಲೆ ಎತ್ತಿದ. ಭಾವ ಅವನನ್ನು ನೋಡುತ್ತಿರಲಿಲ್ಲ. ಅವರ ಕಣ್ಣು ಮಾನಿಟರಿನ ಅಂಚಿನ ಚೀಟಿಯ ಮೇಲಿತ್ತು. ಅಲ್ಲಿಂದ ಬಾಗಿಲಿಗೆ ಹೋಯಿತು, ಈಗಷ್ಟೇ ಅಕ್ಕ ನಿಂತಿದ್ದ ಜಾಗಕ್ಕೆ. ಮತ್ತೆ ಚೀಟಿಗೆ ಬಂತು. ಮತ್ತೆ ಬಾಗಿಲಿಗೆ. ರೆಪ್ಪೆ ಬಿದ್ದಾಗ ತುಸು ಕಾಯುವುದು, ಎದ್ದಾಗ ಅದೇ ದಾರಿ.

ಅಪ್‌ಡೇಟ್ ತಾನಾಗಿ ಬಂದಿರಬೇಕು ಎಂದುಕೊಂಡಿದ್ದ ತಮ್ಮ ಈಗ ತಾನು ಹಾಕಿದ್ದ ಕಟ್ಟನ್ನು ತೆರೆದು ನೋಡಿದ. ಹಾಗೇ ಇತ್ತು. ಅಂದರೆ ಕಂಪ್ಯೂಟರ್ ಕೇಳಿದೆ, ಯಾರೋ 'ಈಗಲೇ' ಒತ್ತಿದ್ದಾರೆ. ಆ ಪ್ರಶ್ನೆಯ ಪೆಟ್ಟಿಗೆ ಕಣ್ಣಿನ ಪ್ರೋಗ್ರಾಮಿನ ಹೊರಗೆ ಬರುವಂಥದ್ದು. ಭಾವನ ದೃಷ್ಟಿಗೆ ಅದು ದಕ್ಕುವುದಿಲ್ಲ. ಮೌಸ್ ಹಿಡಿದ ಕೈಯೇ ಬೇಕು.

ಅಡುಗೆಮನೆಯಲ್ಲಿ ಅಕ್ಕ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು.

"ಅಕ್ಕಾ, ಈಗಲೇ ಅಂತ ಒತ್ತಿದ್ದು ನೀನಾ?"

"ಕೈತಪ್ಪಿ ಒತ್ತಿರ್ಬಹುದು."

"ವೈರೂ ಕೈತಪ್ಪಿ ಹಾಕಿದ್ಯಾ?"

ಅಕ್ಕ ನಲ್ಲಿ ನಿಲ್ಲಿಸಿದಳು. ತಿರುಗಲಿಲ್ಲ.

"ನಿನ್ನೆ ಸಂಜೆ ಬರೆದ್ರು ಕಣೋ. ಪೈಪ್ ಬೇಡ ಅಂತ. ನಾನು ಜಗಳ ಆಡ್ದೆ. ಅತ್ಬಿಟ್ಟೆ, ಕಾಲು ಹಿಡ್ಕೊಂಡೆ. ಅವರು ಅದೇ ಸಾಲನ್ನ ಮತ್ತೆ ಮತ್ತೆ ಓದಿಸ್ತಾನೇ ಇದ್ರು, ಆ ಹೆಂಗಸಿನ ದನೀಲಿ. ಪೈಪ್ ಬೇಡ. ಪೈಪ್ ಬೇಡ. ಅಷ್ಟೊತ್ತಿಗೆ ಆ ಪೆಟ್ಟಿಗೆ ಬಂತು, ಈಗಲೇನಾ ಆಮೇಲಾ ಅಂತ. ಅವಳ ಬಾಯಿ ಮುಚ್ಚಿದ್ರೆ ಸಾಕು ಅನ್ನಿಸ್ತು ನಂಗೆ."

"ಅವಳಲ್ಲ ಅಕ್ಕ. ಭಾವ."

"ಗೊತ್ತು. ಅದಕ್ಕೇ ಬೆಳಿಗ್ಗೆ ನಿನ್ನ ಕರೆದೆ, ಆದ್ರೆ ನೀನು ವೈರ್ ತೆಗೆದಿದ್ದು ಕಂಡು ಮತ್ತೆ ಹೆದರಿಕೆಯಾಗಿ ಹಾಕ್ಬಿಟ್ಟೆ."

ಅಕ್ಕ ತಿರುಗಿ ಅವನ ಮುಂಗೈ ಹಿಡಿದಳು. ಅವಳ ಕೈ ಒದ್ದೆಯಾಗಿ ತಣ್ಣಗಿತ್ತು.

"ಇವತ್ತೊಂದಿನ ಕೆಟ್ಟಿರಲಿ. ಡಾಕ್ಟರಿಗೆ ನಾನು ಹ್ಞೂಂ ಅಂತೀನಿ. ನಾಳೆ ಪೈಪ್ ಆಗ್ಲಿ, ನಾಡಿದ್ದು ನೀನು ಸರಿ ಮಾಡು. ಬೈದ್ರೆ ಬೈಸ್ಕೋತೀನಿ. ಬೈಯೋಕಾದ್ರೂ ಇರ್ತಾರಲ್ಲೋ."

ತಮ್ಮ ಏನೂ ಮಾಡಬೇಕಾಗಿರಲಿಲ್ಲ. ಕಾರ್ಡ್ ಸುಟ್ಟಿದೆ, ಬೇರೆ ತರಿಸಬೇಕು ಎಂದರೆ ಮುಗಿಯಿತು. ಅದನ್ನು ಪರೀಕ್ಷಿಸುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಭಾವ ಇರಲಿ ಎಂದು ಅವನಿಗೂ ಇತ್ತು. ಚಿಕ್ಕಂದಿನಲ್ಲಿ ಅವನಿಗೆ ಸೈಕಲ್ ಕಲಿಸಿದವರು, ಅಂಗಡಿ ಹಾಕಿದಾಗ ಬೋರ್ಡ್ ಬರೆಸಿಕೊಟ್ಟವರು.

"ನಾನು ಅವರ ಕಣ್ಣು ನೋಡ್ಬೇಕಲ್ಲ ಅಕ್ಕ," ಎಂದ ಕೊನೆಗೆ.

"ನಾನು ನೋಡ್ಬೇಡ್ವಾ?"

ತಮ್ಮ ಕೈ ಬಿಡಿಸಿಕೊಂಡು ಕೋಣೆಗೆ ಬಂದ. ನೆಟ್ ವೈರನ್ನು ಎರಡೂ ತುದಿಯಿಂದ ಬಿಡಿಸಿ, ಸುತ್ತಿ, ಪ್ಯಾಂಟಿನ ಜೇಬಿಗೆ ತುರುಕಿಕೊಂಡ.

ಮತ್ತೆ ಸೇಫ್ ಮೋಡ್. ಮತ್ತೆ ಬುಡಸಮೇತ ಕೀಳುವುದು. ಪೆನ್‌ಡ್ರೈವಿನಿಂದ ಹಳೆಯ ಡ್ರೈವರ್ ಹತ್ತತೊಡಗಿತು. ನಡುವೆ ತೆರೆ ಪೂರ್ತಿ ಕಪ್ಪಾಯಿತು. ಹಾಗಾಗುವುದು ಸಹಜ ಎಂದು ತಮ್ಮನಿಗೆ ತಿಳಿದಿತ್ತು. ಕಪ್ಪು ತೆರೆಯಲ್ಲಿ ಭಾವನ ಮಾಸ್ಕ್ ಹಾಕಿದ ಮುಖ, ಹಿಂದೆ ಬಾಗಿಲಲ್ಲಿ ಅಕ್ಕ, ಇಬ್ಬರೂ ಕಾಣುತ್ತಿದ್ದರು. ಒಮ್ಮೆ ಮಿಣುಕಿ ಚಿತ್ರ ಬಂತು. ಅಕ್ಷರಗಳು ಚಿಕ್ಕವಾಗಿ, ಚೊಕ್ಕವಾಗಿ ನಿಂತವು. ಕಣ್ಣಿನ ಪ್ರೋಗ್ರಾಂ ಎದ್ದಿತು.

ಕ್ಯಾಮೆರಾಕ್ಕೂ ಕಣ್ಣಿಗೂ ಹೊಸದಾಗಿ ಹೊಂದಾಣಿಕೆ ಮಾಡಬೇಕಿತ್ತು. ತೆರೆಯ ಮೂಲೆಮೂಲೆಗೆ ಓಡುವ ಚುಕ್ಕಿಯನ್ನು ಭಾವ ಹಿಂಬಾಲಿಸಬೇಕು. ರೆಪ್ಪೆ ಬಿದ್ದಾಗಲೆಲ್ಲ ಚುಕ್ಕಿ ಹಿಂದಕ್ಕೆ ಬರುತ್ತಿತ್ತು. ಕೊನೆಯ ಚುಕ್ಕಿ ಮುಗಿಯುವಾಗ ಸಂಜೆಯಾಗಿತ್ತು, ಬಾಗಿಲು ಬಡಿದ ಸದ್ದಾಯಿತು. ಕೊನೆಯ ಒಂದು ರೀಸ್ಟಾರ್ಟ್ ಬಾಕಿಯಿತ್ತು. ತಮ್ಮ ಅದನ್ನು ಹಾಗೇ ಬಿಟ್ಟ.

ಡಾಕ್ಟರ್ ವಯಸ್ಸಾದ ಹೆಂಗಸು. ಕುರ್ಚಿಯನ್ನು ಮಂಚದ ಪಕ್ಕಕ್ಕೆ ಎಳೆದುಕೊಂಡು ಭಾವನ ಮುಖಕ್ಕೆ ನೇರವಾಗಿ ಕುಳಿತರು. ಪೈಪ್ ಇಟ್ಟರೆ ಏನಾಗುತ್ತದೆ, ಇಡದಿದ್ದರೆ ಏನಾಗುತ್ತದೆ ಎಂದು ಏನೂ ಮುಚ್ಚಿಡದೆ ಹೇಳಿದರು. "ಈಗ ನೀವು ಹೇಳಿ ಅಂಪೈರ್ ಸಾಹೇಬ್ರೇ. ನಿಮ್ಮ ತೀರ್ಮಾನ ಏನು?"

ಭಾವನ ಕಣ್ಣು ಅಕ್ಷರಗಳ ಮೇಲೆ ನಡೆಯಿತು. ಸಾಲಿನಲ್ಲಿ 'ಪೈಪ್' ಎಂದು ಮೂಡಿತು.

ಆಗ ತೆರೆಯ ನಡುವೆ ಪೆಟ್ಟಿಗೆ ಬಂತು. ಕೆಲಸ ಪೂರ್ತಿಯಾಗಲು ಕಂಪ್ಯೂಟರ್ ರೀಸ್ಟಾರ್ಟ್ ಆಗಬೇಕು. ಈಗಲೇ. ಆಮೇಲೆ.

ಪೆಟ್ಟಿಗೆ ಅರ್ಧ ಅಕ್ಷರಗಳನ್ನು ಮುಚ್ಚಿಕೊಂಡಿತ್ತು. ಭಾವನ ದೃಷ್ಟಿ ಅದರ ಅಂಚಿಗೆ ಬಡಿದು ನಿಂತಿತು. ತಮ್ಮ ಮಂಚದ ಆಚೆ ಬದಿ, ಗೋಡೆಗೆ ಸಿಕ್ಕಿಕೊಂಡು ನಿಂತಿದ್ದ. ಮೌಸ್ ಇದ್ದುದು ಅಕ್ಕನ ಕೈಯ ಹತ್ತಿರ. 'ಈಗಲೇ' ಒತ್ತಿದರೆ ಕಂಪ್ಯೂಟರ್ ಆರಿ ಏಳಬೇಕು, ಚುಕ್ಕಿಗಳ ಓಟ ಮತ್ತೆ ಶುರುವಾಗಬೇಕು, ಅಷ್ಟು ಹೊತ್ತು ಭಾವನ ರೆಪ್ಪೆಗಳು ತಡೆಯಲಾರವು. ಅದು ಅಕ್ಕ ತಮ್ಮ ಇಬ್ಬರಿಗೂ ಗೊತ್ತಿತ್ತು.

"ಏನದು?" ಎಂದರು ಡಾಕ್ಟರ್.

ಅಕ್ಕ ಮೌಸಿನ ಮೇಲೆ ಕೈ ಇಟ್ಟಳು. ಬಾಣದ ಗುರುತು ಎರಡು ಗುಂಡಿಗಳ ನಡುವೆ ಬಂದು ನಿಂತಿತು. ಅವಳು ಭಾವನ ಕಡೆ ನೋಡಲಿಲ್ಲ. ಚೀಟಿಯನ್ನು ನೋಡಿದಳು, ಮೊದಲ ಸಲ ಓದುವವಳಂತೆ. 'ಆಮೇಲೆ' ಒತ್ತಿದಳು.

ಪೆಟ್ಟಿಗೆ ಹೋಯಿತು. ಭಾವನ ಕಣ್ಣು ಬಿಟ್ಟಲ್ಲಿಂದ ಹೊರಟಿತು.

"ಪೈಪ್ ಬೇಡ," ಎಂದಿತು ಹೆಂಗಸಿನ ದನಿ.

ಡಾಕ್ಟರ್ ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳಿದರು. ಉತ್ತರ ಬದಲಾಗಲಿಲ್ಲ. ಥಿಯೇಟರಿಗೆ ಫೋನ್ ಮಾಡಿ ನಾಳೆಯದು ರದ್ದು ಎಂದರು. ನೋವಾಗದಂತೆ, ಉಸಿರು ಕಟ್ಟುವ ಭಯವಾಗದಂತೆ ಏನೇನು ಕೊಡಬಹುದು ಎಂದು ಬಾಗಿಲಲ್ಲಿ ನಿಂತು ಅಕ್ಕನಿಗೆ ವಿವರಿಸಿದರು. ಅಕ್ಕ ಪ್ರತಿ ಮಾತಿಗೂ ತಲೆಯಾಡಿಸಿದಳು.

ಅವರು ಹೋದ ಮೇಲೆ ಅಕ್ಕ ಕೋಣೆಗೆ ಬಂದು ಮಾಸ್ಕಿನ ಪಟ್ಟಿ ಸರಿಪಡಿಸಿದಳು. ಸರಿಯಾಗಿಯೇ ಇದ್ದ ಹೊದಿಕೆಯನ್ನು ಎಳೆದು ಮತ್ತೆ ಹೊದಿಸಿದಳು.

"ಕೂತ್ಕೋ," ಎಂದಿತು ದನಿ.

"ಆಮೇ..." ಎಂದವಳು ನಿಲ್ಲಿಸಿದಳು. ಡಾಕ್ಟರ್ ಬಿಟ್ಟುಹೋದ ಕುರ್ಚಿಯನ್ನು ತಿರುಗಿಸಿ, ಗಂಡನಿಗೆ ಬೆನ್ನು ಹಾಕಿ, ಅವರು ಬರೆಯುವ ಸಾಲು ಕಾಣುವಂತೆ ಮಾನಿಟರಿಗೆ ಮುಖ ಮಾಡಿ ಕುಳಿತಳು.

ತಮ್ಮ ಉಪಕರಣಗಳ ಚೀಲ ಎತ್ತಿಕೊಂಡು ಹೊರಗೆ ಬಂದ. ಮೆಟ್ಟಿಲಿಳಿಯುವಾಗ ಜೇಬಿನಲ್ಲಿ ವೈರಿನ ಸುರುಳಿ ತೊಡೆಗೆ ಒತ್ತಿತು. ಮೇಲಿನ ಕಿಟಕಿಯಿಂದ ದನಿ ಇನ್ನೂ ಕೇಳುತ್ತಿತ್ತು, ಒಂದು ಸಾಲು, ದೀರ್ಘ ಬಿಡುವು, ಮತ್ತೊಂದು ಸಾಲು. ಅಕ್ಕನ 'ಆಮೇಲೆ' ಕೇಳಿಸಲಿಲ್ಲ.