ಬಿಟ್ಟುಕೊಟ್ಟ ಪಾಳಿ

"ತುಮ್ಹೀ ಜಾ, ತಾಈ. ನಮಗೇನ್ ಅವಸರ ಇಲ್ಲ," ಎಂದು ಕಾಶವ್ವ ಮರಾಠಿಗೆ ಕನ್ನಡ ಬೆರೆಸಿ, ತಮ್ಮ ಪಾಳಿಯನ್ನು ಕೂಸು ಎತ್ತಿಕೊಂಡಿದ್ದ ಹೆಂಗಸಿಗೆ ಬಿಟ್ಟುಕೊಟ್ಟಳು. ಅದಕ್ಕೂ ಮುಂಚೆ ಒಬ್ಬ ಮುದುಕನಿಗೆ ಕೊಟ್ಟಾಗಿತ್ತು. ಅವಸರವಿಲ್ಲದವರು ಮಧ್ಯಾಹ್ನವೇ ಅಂಗಡಿ ಬಿಟ್ಟು, ರಿಕ್ಷಾ ಮಾಡಿಕೊಂಡು ದವಾಖಾನೆಗೆ ಯಾಕೆ ಬರುತ್ತಾರೆ ಹೇಳಿ!

ಪಕ್ಕದಲ್ಲಿ ಅವಳ ಗಂಡ ಶಿವಪುತ್ರಪ್ಪ ಎದೆ ತಿಕ್ಕಿಕೊಳ್ಳುತ್ತ ಕುಳಿತಿದ್ದ. ಈ ಮರಾಠಿ ಊರಿನ ಮಾರ್ಕೆಟ್ ಯಾರ್ಡಿನಲ್ಲಿ ಒಣಮೆಣಸಿನಕಾಯಿ ವ್ಯಾಪಾರ ಅವನದು. ಘಾಟಿಗೆ ಎದೆ ಉರಿಯುವುದು ಹೊಸದೇನಲ್ಲ. ಆದರೆ ಇವತ್ತಿನ ಉರಿ ಎದೆಯಲ್ಲೇ ನಿಂತಿರಲಿಲ್ಲ. ಎಡಗೈಗೆ ಇಳಿದಿತ್ತು, ದವಡೆಗೂ ಏರಿತ್ತು. ಫ್ಯಾನಿನ ಕೆಳಗೆ ಕುಳಿತರೂ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ನಾಲ್ಕು ಜನ ಡಾಕ್ಟರು ಕೂಡಿ ನಡೆಸುವ ದವಾಖಾನೆ ಅದು. ಹೊರಗಿನ ಬೋರ್ಡಿನಲ್ಲಿ ನಾಲ್ಕೂ ಹೆಸರು ಒಂದರ ಕೆಳಗೊಂದು ಇದ್ದವು. ಕಾಶವ್ವನಿಗೆ ಬೇಕಾದದ್ದು ಅವುಗಳಲ್ಲಿ ಒಂದೇ. ಡಾಕ್ಟರ್ ಲೋಕನಾಥರು ಹೋದ ದೀಪಾವಳಿಯಲ್ಲಿ ತಮ್ಮ ಒಂಟಿ ಕೋಣೆಯ ದವಾಖಾನೆ ಮುಚ್ಚಿ ಇಲ್ಲಿ ಸೇರಿದ್ದರು. ಈಗ ಅವರು ಕೂರುವುದು ಐದರ ಮೇಲೆ, ಊರಿನ ಇನ್ನೊಂದು ತುದಿಯ ನಿಗಡಿಯಲ್ಲಿ ಆಸ್ಪತ್ರೆಯ ಕೆಲಸ ಮುಗಿಸಿಕೊಂಡು. ಅಲ್ಲಿಯವರೆಗೆ ಹೊಸದಾಗಿ ಬಂದ ಹುಡುಗಿ ಡಾಕ್ಟರು ನೋಡುತ್ತಿದ್ದಳು.

"ಕಾಕೂ, ಯಾರಿಗೆ ತೋರಿಸಿದರೂ ಒಂದೇ. ಫೈಲು ಎಲ್ಲರಿಗೂ ಒಂದೇ ಇರುತ್ತದೆ," ಎಂದು ಕೌಂಟರಿನ ವಸಂತಿ ಮರಾಠಿಯಲ್ಲಿ ತಿಳಿಸಿ ಹೇಳಿದಳು.

"ಒಂದ ಹೆಂಗಾಕ್ಕೈತಿ?" ಕಾಶವ್ವ ಗಂಡನ ಕಡೆ ತಿರುಗಿ ಗೊಣಗಿದಳು. "ಒಂದ ಮನ್ಯಾಗ ನಾಕ ಮಂದಿ ಸೊಸ್ತೇರು ಇದ್ರ, ನಾಕೂ ಮಂದಿ ಕೈಯಾಗ ರೊಟ್ಟಿ ಉಬ್ಬತಾವೇನ್ರಿ? ಕೈಗುಣ ಅಂತ ಒಂದ ಇರತೈತೋ ಇಲ್ಲೋ?"

ಮಗನಿಗೆ ವಿಷಮಶೀತ ಜ್ವರ ಬಂದಾಗ ಇಬ್ಬರು ಡಾಕ್ಟರು ಕೈ ಚೆಲ್ಲಿದ್ದರು. ಲೋಕನಾಥರು ಮುಟ್ಟಿದ ಮೇಲೆ ಜ್ವರ ಇಳಿದಿತ್ತು. ಅಂದಿನಿಂದ ಆ ಮನೆಯಲ್ಲಿ ಬೇರೆ ಯಾರ ಗುಳಿಗೆಯೂ ನಡೆದಿಲ್ಲ.

ಶಿವಪುತ್ರಪ್ಪ ದವಡೆ ಒತ್ತಿಕೊಂಡ. "ಯಾರರ ಆಗವಲ್ರ್ಯಾಕ, ಒಳಗ ಹೋಗೂಣು ನಡಿ. ಭಾಳ ಸಂಕಟ ಆಗಾಕತ್ತೈತಿ."

"ಇನ್ನೇನ್ ಬಂದ ಬಿಡ್ತಾರ್ರಿ. ತಾಳಿದವ ಬಾಳಿಯಾನು ಅಂತಾರ. ಇಷ್ಟೊತ್ತು ಕುಂತೀರಿ, ಇನ್ನೊಂದೀಟು."

ಅವನು ಮತ್ತೆ ಎದೆ ತಿಕ್ಕಿಕೊಳ್ಳತೊಡಗಿದ. ಅಂಗಡಿ ಅವನದು, ದೇವರು ದವಾಖಾನೆ ಅವಳದು. ಮದುವೆಯಾದಾಗಿನಿಂದ ಹಾಗೇ ನಡೆದುಬಂದಿತ್ತು.

ಬಾಗಿಲು ತೆರೆದು ಹುಡುಗಿ ಡಾಕ್ಟರು ಹೊರಗೆ ಇಣುಕಿದಳು. ಅವಳ ಕಣ್ಣು ಶಿವಪುತ್ರಪ್ಪನ ಮೇಲೆ ನಿಂತಿತು. "ಕಾಕಾಗೆ ಏನಾಗುತ್ತಿದೆ? ಒಳಗೆ ಕರೆತನ್ನಿ," ಎಂದಳು ಮರಾಠಿಯಲ್ಲಿ.

"ಪಿತ್ತ, ಪಿತ್ತ," ಎಂದು ಕಾಶವ್ವ ಅವಸರದಿಂದ ಕೈ ಆಡಿಸಿದಳು. "ಖಾರ ತಿಂದಾರ. ನಾವು ಲೋಕನಾಥ ಡಾಕ್ಟರ ಪೇಶಂಟ್." ಹುಡುಗಿ ಡಾಕ್ಟರು ಅವನನ್ನೇ ನೋಡಿದಳು. ಹೆಂಡತಿಯ ಮಾತು ಸುಳ್ಳು ಮಾಡಲು ಮನಸ್ಸಾಗದೆ ಅವನು ಹೌದೆಂದು ಗೋಣು ಹಾಕಿದ. ಅಷ್ಟರಲ್ಲಿ ಒಳಗೆ ಕೂಸು ಚಿಟ್ಟನೆ ಚೀರಿತು. ಅವಳು ಒಳಗೆ ಓಡಿದಳು.

ಎಂಥ ಹಟವಪ್ಪಾ! ಆದರೆ ಕಾಶವ್ವ ಕೆಟ್ಟವಳಲ್ಲ. ಗಂಡನೆಂದರೆ ಜೀವ ಬಿಡುವವಳು. ಅವನಿಗೆ ಹಣ್ಣು ಕೊಂಡರೂ ಹತ್ತು ಗಾಡಿ ತಿರುಗಿ ಆರಿಸಿ ತರುವವಳು. ಡಾಕ್ಟರನ್ನೂ ಹಾಗೇ ಆರಿಸಿದ್ದಳು.

ಗಡಿಯಾರದಲ್ಲಿ ಐದು ದಾಟಿತು. ವಸಂತಿ ಫೋನು ಮಾಡಿ, ಲೋಕನಾಥರು ನಿಗಡಿಯಿಂದ ಹೊರಟಿದ್ದಾರೆ ಎಂದಳು. ಮತ್ತೆ ಗಂಡಹೆಂಡತಿಯ ಪಾಳಿ ಬಂತು. ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದ ಹಮಾಲನನ್ನು ಕಾಶವ್ವ ಒಳಗೆ ಕಳಿಸಿದಳು. ಶಿವಪುತ್ರಪ್ಪ ತಲೆಯನ್ನು ಗೋಡೆಗೆ ಆನಿಸಿ ಕಣ್ಣು ಮುಚ್ಚಿದ್ದ. ಅವಳು ಸೆರಗಿನಿಂದ ಗಾಳಿ ಹಾಕಿದಳು. ಸ್ವಲ್ಪ ಹೊತ್ತಿಗೆ ತಿಕ್ಕುತ್ತಿದ್ದ ಕೈ ತೊಡೆಯ ಮೇಲೆ ಬಿತ್ತು, ನರಳುವುದೂ ನಿಂತಿತು.

"ಕಡಿಮಿ ಆತು ನೋಡ," ಎಂದಳು ವಸಂತಿಗೆ, ಸಣ್ಣ ದನಿಯಲ್ಲಿ. "ನಿದ್ದಿ ಹತ್ತೇತಿ. ಎಬ್ಬಸಬ್ಯಾಡ."

ಲೋಕನಾಥರು ಬಂದರು. ಕಾಶವ್ವ ಎದ್ದು ಕೈ ಮುಗಿದಳು. ಅವರು ನಗುತ್ತಲೇ ಬೆಂಚಿನ ಕಡೆ ನೋಡಿದವರು ಬ್ಯಾಗು ಅಲ್ಲೇ ಕೆಳಗಿಟ್ಟರು. ಬಗ್ಗಿ ಶಿವಪುತ್ರಪ್ಪನ ಕೈ ಹಿಡಿದರು, ಕುತ್ತಿಗೆ ಮುಟ್ಟಿದರು. ಹುಡುಗಿ ಡಾಕ್ಟರನ್ನು ಜೋರಾಗಿ ಕೂಗಿದರು.

"ಯಾವಾಗ ಬಂದ್ರಿ, ಕಾಶವ್ವ?"

"ಮೂರಕ್ಕ ಬಂದೀವ್ರಿ ಸಾಹೇಬ್ರ." ಅವಳ ಮುಖ ಅರಳಿತು. "ಎಷ್ಟ ಸಲ ಕರದ್ರು! ನಾ ಕಳಸಲಿಲ್ರಿ. ತೋರಿಸಿದ್ರ ನಿಮಗ ತೋರಸಬೇಕಂತ ಹಿಡದ ಕುಂಡ್ರಿಸೀನಿ."

ಹುಡುಗಿ ಡಾಕ್ಟರು ಓಡಿ ಬಂದಳು. ಇಬ್ಬರೂ ಸೇರಿ ಅವನನ್ನು ನೆಲಕ್ಕಿಳಿಸಿ ಮಲಗಿಸಿದರು. ಅವಳು ಮೊಣಕಾಲೂರಿ, ಎರಡೂ ಅಂಗೈ ಅವನ ಎದೆಯ ಮೇಲಿಟ್ಟು ಒತ್ತತೊಡಗಿದಳು.

"ಅಕಿ ಬ್ಯಾಡ್ರಿ ಸಾಹೇಬ್ರ," ಎಂದು ಕಾಶವ್ವ ಅವರ ತೋಳು ಜಗ್ಗಿದಳು. "ನೀವ ನೋಡ್ರಿ. ಇಷ್ಟೊತ್ತು ನಿಮ್ಮ ಸಲುವಾಗೇ ಕುಂತಾರ."

ಲೋಕನಾಥರು ತಲೆ ಎತ್ತಲಿಲ್ಲ. ಅವರ ಬೆರಳು ಶಿವಪುತ್ರಪ್ಪನ ಮಣಿಕಟ್ಟಿನ ಮೇಲೆಯೇ ಇದ್ದವು.