ಕಡಲಿಗೆ ಬಿಟ್ಟ ಎಣ್ಣೆ

ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ಮಂದಿಗೆಲ್ಲ ವಿವರಿಸಿ ವಿವರಿಸಿ ಮಹಾದೇವಮ್ಮನ ಬಾಯಿ ಒಣಗಿಹೋಗಿತ್ತು. ಮಗ ಅಮರನಾಥ ಕಳ್ಳಸಾಗಣೆ ಮಾಡಿಲ್ಲ, ಜೈಲಿನಲ್ಲೂ ಇಲ್ಲ. ಅವನು ಎಂಜಿನಿಯರ್ ಆಗಿದ್ದ ಹಡಗು ಎಣ್ಣೆ ಬೆರೆತ ಹೊಲಸು ನೀರನ್ನು ಶುದ್ಧ ಮಾಡದೆ ಕಳ್ಳ ಪೈಪಿನಲ್ಲಿ ಕಡಲಿಗೆ ಬಿಟ್ಟಿತ್ತು. ಪರದೇಶದ ಬಂದರಿನಲ್ಲಿ ಅದು ಸಿಕ್ಕಿಬಿದ್ದು, ಕಂಪನಿಯ ಮೇಲೂ ಹಿರಿಯ ಎಂಜಿನಿಯರನ ಮೇಲೂ ಕೇಸು ನಡೆದಿತ್ತು. ಅಮರನಾಥನನ್ನು ಸಾಕ್ಷಿಯೆಂದು ಅಲ್ಲೇ ಲಾಡ್ಜಿನಲ್ಲಿ ಇರಿಸಿಕೊಂಡಿದ್ದರು. ಇಷ್ಟನ್ನು ಹೇಳಿ ಉಸಿರು ಬಿಡುವಷ್ಟರಲ್ಲಿ ಕೇಳಿದವರು, "ಅಂದ್ರ ಬಂಗಾರ ಎಷ್ಟ ಸಿಕ್ತಂತ?" ಎನ್ನುತ್ತಿದ್ದರು.

ಇವತ್ತು ಮಾತ್ರ ಹೇಳಲೇಬೇಕಾದ ಮನೆಯೊಂದಿತ್ತು. ಕಮಲಾಪುರದ ಅಮೋಘಪ್ಪನ ಮಗಳು ಪ್ರೀತಿಯನ್ನು ಅಮರನಾಥನಿಗೆ ತರುವುದೆಂದು ಮಾತಾಗಿತ್ತು. ಊರವರ ಮಾತು ಕೇಳಿ ಅಮೋಘಪ್ಪ ಈಗ ಹಿಂಜರಿಯುತ್ತಿದ್ದ. ಸಂಬಂಧ ಮುರಿಯುವ ಮೊದಲೇ ಹೋಗಿಬರೋಣವೆಂದು ಮಹಾದೇವಮ್ಮ ಬಸ್ಸು ಹತ್ತಿದಳು.

ಅಮೋಘಪ್ಪ ಕೆಂಪು ಬಾಳೆಯ ತೋಟದಿಂದ ಆಗಷ್ಟೇ ಬಂದಿದ್ದ. ಫ್ಯಾನನ್ನು ಅವಳ ಕಡೆಗೆ ತಿರುಗಿಸಿಟ್ಟು, ಆಮೇಲೆ ಜಗಳಕ್ಕೆ ಕೂತ. ಅಷ್ಟು ದೊಡ್ಡ ಸಮುದ್ರಕ್ಕೆ ಒಂದಿಷ್ಟು ಎಣ್ಣೆ ಬಿದ್ದರೆ ಯಾರ ಗಂಟು ಹೋಯಿತು ಎಂದ. ಮೀನು ಸಾಯುತ್ತವೆ ಎಂದಳು ಅವಳು.

"ನಾವು ಮೀನ ತಿನ್ನಂಗಿಲ್ಲಲ್ರಿ."

ಮಹಾದೇವಮ್ಮ ಹಣೆ ಒತ್ತಿಕೊಂಡಳು. ಕಂಪನಿಯ ವಕೀಲ ಒಂದು ದಾರಿ ತೋರಿಸಿದ್ದನ್ನೂ ಅವಳು ಮುಚ್ಚಿಡಲಿಲ್ಲ. ಕೋರ್ಟಿನಲ್ಲಿ ತನಗೇನೂ ನೆನಪಿಲ್ಲ ಎಂದುಬಿಟ್ಟರೆ ಅಮರನಾಥ ಬೇಗ ಮನೆಗೆ ಬರಬಹುದಂತೆ.

"ಮತ್ತ ಹಂಗೇ ಅನ್ಲಿ," ಎಂದ ಅಮೋಘಪ್ಪ. "ಬರೋ ತಿಂಗಳ ಮದವಿ ಮಾಡಿ ಅಕ್ಕಿಕಾಳ ಹಾಕೇಬಿಡೂಣು."

ತಾಯಿಯ ಜೀವಕ್ಕೂ ಅದೇ ಬೇಕಿತ್ತು. ಅಲ್ಲಿಂದಲೇ ಮಗನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. ನೆನಪಿಲ್ಲ ಅನ್ನು, ಬಂದುಬಿಡು ಎಂದಳು.

"ಅವ್ವಾ, ಆ ಪೈಪ್ ಜೋಡಿಸಿದಾವ ನಾನ. ಮ್ಯಾಲಿನವ್ರು ಹೇಳಿದ್ರು, ಬೋಲ್ಟ್ ಬಿಗಿದೆ. ಇನ್ನಾ ಯಾರಿಗೂ ಹೇಳಿಲ್ಲ. ಖರೇ ಹೇಳಿದ್ರ ನನಗೂ ಶಿಕ್ಷಾ ಆಗಬಹುದು. ಹಡಗಿನ ನೌಕರಿ ಅಂತೂ ಹೋಗ್ತದ."

ಮಹಾದೇವಮ್ಮನಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಇಷ್ಟು ದಿನ ಊರಿಗೆಲ್ಲ ಅವನ ಪರವಾಗಿ ಬಾಯಿ ನೋಯಿಸಿಕೊಂಡವಳಿಗೂ ಒಂದು ಮಾತು ಹೇಳಬಾರದೆ?

ಒಳಬಾಗಿಲಲ್ಲಿ ನಿಂತಿದ್ದ ಪ್ರೀತಿ ಬಂದು ಫೋನಿನತ್ತ ಬಗ್ಗಿದಳು.

"ನಮಗ ಹೇಳಿದಂಗ ಅವರ ಮುಂದೂ ಹೇಳ್ರಿ. ನೆನಪಿಲ್ಲ ಅಂದು ಬಂದವರ ಜೋಡಿ ನಾ ಹೆಂಗ ಬಾಳ್ವಿ ಮಾಡ್ಲಿ? ಇವತ್ತ ಏನ ಮರತಾರೋ ಅಂತ ದಿನಾ ನೋಡ್ಕೋತ ಕೂಡ್ಬೇಕಾಗ್ತದ. ಶಿಕ್ಷಾ ಆದ್ರ ಆಗ್ಲಿ, ನಾ ಕಾಯ್ತೀನಿ."

ಅಮೋಘಪ್ಪ ಟವೆಲು ಹೆಗಲಿಗೆಸೆದುಕೊಂಡು ಹೊರಗೆ ನಡೆದುಬಿಟ್ಟ.

ಸಂಬಂಧ ಮುಗಿಯಿತು ಎಂದುಕೊಂಡಳು ಮಹಾದೇವಮ್ಮ. ಆದರೂ ಆ ಹುಡುಗಿಯ ಎದುರಿಗೆ ಬೇರೆ ಮಾತಾಡಲು ನಾಲಿಗೆ ಏಳಲಿಲ್ಲ. ಎಲ್ಲವನ್ನೂ ಹೇಳಿಬಿಡು ಎಂದು ಮಗನಿಗೆ ಹೇಳಿ, ಪ್ರೀತಿಯ ಕೆನ್ನೆ ಸವರಿ, ಚೀಲ ಎತ್ತಿಕೊಂಡಳು.

ಹೆದ್ದಾರಿಯಲ್ಲಿ ಕಲಬುರಗಿಯ ಬಸ್ಸು ಕಾಲಿಡಲು ಜಾಗವಿಲ್ಲದಂತೆ ತುಂಬಿ ನಿಂತಿತ್ತು. ಬಾಗಿಲಿಗೆ ಅಡ್ಡಲಾಗಿ ಕೈ ಹಿಡಿದು, ಅದನ್ನು ಹೊರಡಗೊಡದೆ, ಅಮೋಘಪ್ಪ ಕಂಡಕ್ಟರನ ಜೊತೆ ವಾದಿಸುತ್ತಿದ್ದ. ಅವಳನ್ನು ಕಂಡ ಮೇಲೂ ಅವನ ಮುಖದ ಗಂಟು ಸಡಿಲಲಿಲ್ಲ.

"ನಿಂತ ಹೋಗೂದು ಆಗಂಗಿಲ್ರಿ ಅವರಿಗಿ," ಎಂದು ಕಂಡಕ್ಟರನಿಗೆ ಗದರಿದ. "ನಮ್ಮ ಬೀಗತಿ ಅದಾರ. ಮುಂದಿನ ಸೀಟ್ ಬಿಡಿಸಿ ಕೊಡ್ರಿ."