ಒಳೆ ದಾಟಿ ಓಗೋನೆ

ಕೊಣನೂರು ನಟರಾಜು ಚನ್ನರಾಯಪಟ್ಟಣಕ್ಕೆ ಹಾಡಲು ಬರುತ್ತಾನೆ ಎಂಬ ಸುದ್ದಿ ಕಟ್ಟಾಯದ ಹಳ್ಳಿಗೆ ಮುಟ್ಟಿದ್ದೇ ತಡ, ಅಲ್ಲಿನ ರೇವಮ್ಮನಿಗೆ ಬುದ್ಧಿ ಹೇಳುವವರ ಸಂತೆಯೇ ನೆರೆಯಿತು. ಅವನೇನು ಸಾಮಾನ್ಯದವನೇ? ಟಿ.ವಿ.ಯಲ್ಲಿ ತೀರ್ಪುಗಾರರ ಕುರ್ಚಿ, ಬೆಂಗಳೂರಿನಲ್ಲಿ ಲಿಫ್ಟ್ ಇರುವ ಮನೆ, ರಾಮನಾಥಪುರದ ಹತ್ತಿರ ಹೊಳೆಗೆ ಹೊಂದಿಕೊಂಡ ತೋಟ, ಅವನಿಗೊಂದು ಹೆಂಡತಿಗೊಂದು ಕಾರು. ಒಂದೇ ಗಂಟಲಲ್ಲಿ ಗಂಡುದನಿ, ಹೆಣ್ಣುದನಿ ಎರಡನ್ನೂ ಹಾಡಿ ನಾಡನ್ನೇ ಮರುಳು ಮಾಡಿದ ಭೂಪ! ಅಂಥವನು ಒಂದು ಕಾಲದಲ್ಲಿ ರೇವಮ್ಮನ ಪಕ್ಕ ನಿಂತು ಹಾಡುತ್ತಿದ್ದ ಎಂದ ಮೇಲೆ ಜನ ಸುಮ್ಮನಿದ್ದಾರೆಯೇ?

“ಬಾಯ್ಬುಟ್ಟು ಕೇಳು ಕಣಮ್ಮಿ,” ಎಂದಳು ಶಾಲೆಯ ಬಿಸಿಯೂಟಕ್ಕೆ ಅವಳ ಜೊತೆ ಅಡುಗೆ ಮಾಡುವ ಮಾದಮ್ಮ. “ಆಸನ ಟೌನಲ್ಲಿ ಒಂದ್ ಸೈಟ್ ಕೊಡ್ಸು ಅನ್ನು. ಅವ್ನಿಗೇನ್ ಕಮ್ಮಿ?”

“ಕೇಳ್ತೀನಿ ಬುಡು,” ಎಂದಳು ರೇವಮ್ಮ. ಏನು ಕೇಳುತ್ತೇನೆಂದು ಮಾತ್ರ ಹೇಳಲಿಲ್ಲ. ಹೇಳಿದ್ದರೆ ಮಾದಮ್ಮ ಸೌಟಿನಲ್ಲೇ ಬಾರಿಸುತ್ತಿದ್ದಳು.

ರೇವಮ್ಮನಿಗೆ ಬೇಕಾಗಿದ್ದದ್ದು ಅವಳದೇ ದನಿ. ಇಪ್ಪತ್ತೆರಡು ವರ್ಷದ ಹಿಂದೆ, ಮಗಳು ರಂಜಿನಿ ಇನ್ನೂ ಎದೆಹಾಲು ಕುಡಿಯುವಾಗ, ಕೊರಳ ಗಡ್ಡೆಗೆ ಆಪರೇಷನ್ ಆಯಿತು. ಗಡ್ಡೆ ಹೋಯಿತು, ಜೀವ ಉಳಿಯಿತು, ದನಿ ಮಾತ್ರ ಬಿದ್ದುಹೋಯಿತು. ಈಗ ಫೋನೆತ್ತಿದರೆ ಆ ಕಡೆಯವರು “ಹೇಳಿ ಸಾರ್” ಎನ್ನುತ್ತಾರೆ. ಗುಂಡಯ್ಯನ ಆರ್ಕೆಸ್ಟ್ರಾದಲ್ಲಿ ಅವಳು ಹಾಡಿದ ಕ್ಯಾಸೆಟ್ಟು ಇದ್ದದ್ದೇ ಎರಡು. ಒಂದಕ್ಕೆ ಬೂಷ್ಟು ಹಿಡಿಯಿತು, ಇನ್ನೊಂದರ ಮೇಲೆ ಯಾರೋ ಪುಣ್ಯಾತ್ಮರು ಮದುವೆಯ ಮಂತ್ರ ತುಂಬಿಸಿದರು. “ನೀನ್ ಹಾಡ್ತಿದ್ದೆ ಅಂದ್ರೆ ನಂಬಾಕೇ ಆಗಲ್ಲ ಕಣವ್ವ” ಎಂದು ರಂಜಿನಿ ಒಮ್ಮೆ ನಕ್ಕುಬಿಟ್ಟಿದ್ದಳು. ಪಾಪ, ಕೆಟ್ಟ ಮನಸ್ಸಿನಿಂದಲ್ಲ. ಆದರೂ ಆ ಮಾತು ರೇವಮ್ಮನ ಎದೆಯಲ್ಲಿ ಮುಳ್ಳು ಮುರಿದಂತೆ ಕೂತಿತ್ತು. ಮಗಳಿಗೆ ಒಂದೇ ಒಂದು ಸಲ ಆ ದನಿ ಕೇಳಿಸಬೇಕು.

ಅದು ಲೋಕದಲ್ಲಿ ಇನ್ನೂ ಉಳಿದಿದ್ದರೆ ನಟರಾಜುವಿನ ಗಂಟಲಲ್ಲೇ ಉಳಿದಿರಬೇಕು. ರೇವಮ್ಮ ಬಸುರಿಯಾಗಿ ಏದುಸಿರು ಬಿಡುತ್ತಿದ್ದಾಗ ವೇದಿಕೆಯ ಮೇಲೆ ಸುಮ್ಮನೆ ಬಾಯಾಡಿಸುತ್ತಿದ್ದಳು. ಅವಳ ಸಾಲು ಬಂದಾಗಲೆಲ್ಲ ಅವನು ಜನಕ್ಕೆ ಬೆನ್ನು ತಿರುಗಿಸಿ ಅವಳಂತೆಯೇ ಹಾಡುತ್ತಿದ್ದ. ಅರಕಲಗೂಡಿನಲ್ಲಿ ಕೇಳಲು ಕೂತ ಜನಕ್ಕೆ ಗೊತ್ತೇ ಆಗಲಿಲ್ಲ! ಅವನ ಎರಡು ದನಿಯ ವಿದ್ಯೆ ಶುರುವಾದದ್ದೇ ಅಲ್ಲಿ.

ಶನಿವಾರ ಮಧ್ಯಾಹ್ನ ತಾಯಿ ಮಗಳು ಹಾಸನದಲ್ಲಿ ಬಸ್ಸು ಬದಲಿಸಿ ಚನ್ನರಾಯಪಟ್ಟಣದ ಮೈದಾನಕ್ಕೆ ಬಂದರು. ಮೈಕು ಪರೀಕ್ಷೆ ನಡೆದಿತ್ತು. ಗುಂಡಯ್ಯನ ಆರ್ಕೆಸ್ಟ್ರಾದ ರೇವಮ್ಮ ಬಂದಿದ್ದಾಳೆ ಎಂದು ಹೇಳಿಕಳಿಸಿದ್ದಕ್ಕೆ ನಟರಾಜುವೇ ಓಡಿಬಂದು ಕೈಹಿಡಿದು ತನ್ನ ಕೋಣೆಗೆ ಕರೆದೊಯ್ದ.

“ನಮಸ್ಕಾರ ಸಾ,” ಎಂದಳು ರೇವಮ್ಮ.

“ಸಾ ಅಂತೆ ಸಾ! ಲೋ ನಟ್ರಾಜ ಅನ್ನು ರೇವಕ್ಕ,” ಎಂದವನು ಅವಳ ಒಡಕು ದನಿ ಕಿವಿಗೆ ಬಿದ್ದ ಮೇಲೆ ಮೆತ್ತಗಾದ. “ಏನ್ ಬೇಕು ಕೇಳಕ್ಕ. ಮಗೀಗೆ ಕೆಲ್ಸ ಬೇಕಾ? ಮನೆ ಕಟ್ತಾ ಇದೀಯಾ?”

“ಅವೆಲ್ಲ ಬ್ಯಾಡ ಕಣೋ. ನನ್ ದನೀಲಿ ಒಂದ್ ಪದ ಆಡು. ಇವ್ಳು ಕೇಳ್ಲಿ.”

ನಟರಾಜು ಅವಳೆದುರು ಕೂತು ಗಂಟಲು ಸರಿಮಾಡಿಕೊಂಡ. ಆಮೇಲೆ ಗುಂಡಯ್ಯ ತಾನೇ ಕಟ್ಟಿದ ಹಾಡನ್ನು ಎತ್ತಿಕೊಂಡ: “ಹೊಳೆ ದಾಟಿ ಹೋಗೋನೆ, ಹೊತ್ತಿಗೆ ಬರ್ತೀಯಾ?”

ರಂಜಿನಿ ಚಪ್ಪಾಳೆ ತಟ್ಟಿದಳು. ರೇವಮ್ಮ ತಲೆಯಾಡಿಸಿದಳು. “ಯಾರೋ ಇವ್ಳು? ನಾನಲ್ಲ ಕಣೋ.”

ಅವನು ಮತ್ತೆ ಹಾಡಿದ. ಇಂಪಿಗೇನೂ ಕೊರತೆಯಿಲ್ಲ, ಆದರೆ ಅದು ಟಿ.ವಿ.ಯ ದನಿ. ಮೂರನೆಯ ಸಲವೂ ಅದೇ. ನಟರಾಜುವಿನ ಹಣೆ ಬೆವರಿತು. ರೇವಮ್ಮ ಮಗಳ ಮುಖ ನೋಡಿದಳು. ಅಯ್ಯೋ, ಇಲ್ಲೂ ಇಲ್ಲವೇ?

ಆಗ ಅವಳಿಗೆ ಹೊಳೆಯಿತು. “ಲೋ, ನಾನ್ ಯಾವತ್ತಾರ ನೆಟ್ಟಗೆ ಒಳೆ ಅಂದಿದ್ನೇನೋ?”

“ಅಯ್ಯೋ ನನ್ ಮಂಡೆಗಿಷ್ಟು!” ನಟರಾಜು ಬಿದ್ದು ಬಿದ್ದು ನಕ್ಕ. ಆ ಒಂದು ಹಕಾರಕ್ಕಾಗಿ ಗುಂಡಯ್ಯ ಎಷ್ಟು ಸಲ ಹಣೆ ಚಚ್ಚಿಕೊಂಡಿದ್ದನೋ! ನಗು ನಿಂತ ಮೇಲೆ ಅವನು ಕಣ್ಣು ಮುಚ್ಚಿದ.

“ಒಳೆ ದಾಟಿ ಓಗೋನೆ, ಒತ್ತಿಗೆ ಬರ್ತೀಯಾ?”

ಬಂತು. ತುಸು ಒರಟು, ಮೇಲೇರುವಾಗ ಮೂಗಿನ ಕಡೆ ವಾಲುವ, ಕೊನೆಯಲ್ಲಿ ಉಸಿರು ಸಾಲದ ಅದೇ ದನಿ. ರೇವಮ್ಮನ ಕೈ ತಾನಾಗಿ ಕೊರಳ ಮೇಲಿನ ಗಾಯದ ಗೆರೆಗೆ ಹೋಯಿತು. ಕಣ್ಣು ತುಂಬಿ ಎದುರಿನದೇನೂ ಕಾಣಿಸಲಿಲ್ಲ. ರಂಜಿನಿ ಈ ಸಲ ಚಪ್ಪಾಳೆ ತಟ್ಟಲಿಲ್ಲ. “ಅವ್ವ, ಇದು ನೀನಾ?” ಎಂದಳು, ಮೆಲ್ಲಗೆ.

ಮುಂದಿನದು ಗಂಡಸಿನ ಸಾಲು. ನಟರಾಜು ಅದನ್ನು ಹಾಡದೆ ರೇವಮ್ಮನ ಕಡೆ ಗದ್ದ ಎತ್ತಿದ. “ಈಗ ನಿಂದು ಕಣಕ್ಕ.”

“ಥೂ, ಈ ದನೀಲಾ?”

“ಗಂಡ್ಸಿನ ಸಾಲಲ್ವಾ? ಈ ದನೀನೇ ಸರಿ.”

ಮಗಳು ಕಾಯುತ್ತಿದ್ದಳು. ರೇವಮ್ಮ ಬಾಯಿ ತೆರೆದಳು. “ಉಣ್ಣಿಮೆ ಕಳೀಲಿ, ಬತ್ತೀನಿ ಕಣೆ.” ದನಿ ಒಡೆದಿತ್ತು, ಶ್ರುತಿ ಒಡೆದಿರಲಿಲ್ಲ. ನಟರಾಜು ಬಿಡದೆ ಅವಳ ಪ್ರಾಯದ ದನಿಯಲ್ಲಿ ಮತ್ತೆ ಕೇಳಿದ: ಬರ್ತೀಯಾ? ಬತ್ತೀನಿ ಕಣೆ, ಎಂದಳು. ಅವನು ಮತ್ತೆ ಕೇಳಿದ. ಅವಳು ಮತ್ತೆ ಬತ್ತೀನಿ ಎಂದಳು. ಇಪ್ಪತ್ತೇಳರ ರೇವಮ್ಮ ಕರೆಯುತ್ತಿದ್ದಳು. ನಲವತ್ತೊಂಬತ್ತರವಳು ಹೋಗಲಾಗದೆ ಹೂಂಗುಟ್ಟುತ್ತಿದ್ದಳು.

ಯಾರೋ ಬಾಗಿಲು ತಟ್ಟಿ ವೇದಿಕೆಗೆ ಕರೆದರು.

“ಓಗೋ, ನಿನ್ ಜನ ಕಾಯ್ತಾವ್ರೆ. ಸಾಕು,” ಎಂದಳು ರೇವಮ್ಮ. ಸಾಕಾಗಿರಲಿಲ್ಲ. ಅವನು ಏಳುವಷ್ಟರಲ್ಲಿ ತೋಳು ಹಿಡಿದುಕೊಂಡುಬಿಟ್ಟಳು. “ಇನ್ನೊಂದೇ ಒಂದ್ಸಲ ಕೇಳೋ, ಬತ್ತೀಯಾ ಅಂತ.”